ಜಾರಲು ಕಲಿತ ಬೂಟು

ನಾನು ಒಂದು ಜೊತೆ ಸಿಪಾಯಿ ಬೂಟು. ಕವಾಯತಿನಲ್ಲಿ ನೆಲ ಅದುರುವಂತೆ ಹೆಜ್ಜೆ ಹಾಕಲೆಂದೇ ನನ್ನನ್ನು ಹೊಲಿದದ್ದು. ಎಮ್ಮೆಯ ತೊಗಲು, ದಪ್ಪ ಅಟ್ಟೆ, ಹಿಮ್ಮಡಿಗೆ ಕಬ್ಬಿಣದ ಲಾಳ. ಕಾರ್ಖಾನೆಯಿಂದ ಗೋಣಿಚೀಲ ಸೇರಿ, ಲಾರಿಯಲ್ಲಿ ಬೆಟ್ಟದ ಮೇಲೆ ಬೆಟ್ಟ ಹತ್ತಿ, ಲಡಾಖಿನ ಒಂದು ಪುಟ್ಟ ಸೇನಾ ಠಾಣ್ಯಕ್ಕೆ ಬಂದೆ. ಅಲ್ಲಿ ನನ್ನೊಳಗೆ ಕಾಲಿಟ್ಟವನು ಕೊಡಗಿನ ಸಿಪಾಯಿ ಚೆಂಗಪ್ಪ, ಊರಿನ ಮೈದಾನದಲ್ಲಿ ಹಾಕಿ ಆಡಿಯೇ ಬೆಳೆದವನು.

ಚಳಿಗಾಲ ಬಂತು. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿತು, ಟಪಾಲು ನಿಂತಿತು, ಹಳ್ಳಿಯ ಕೆರೆ ಕಲ್ಲಿನಂತೆ ಗಟ್ಟಿಯಾಯಿತು. ಮಂಜುಗಡ್ಡೆಯ ಮೇಲಿನ ಐಸ್ ಹಾಕಿ ಆಟ ಅಲ್ಲಿ ಆಗತಾನೇ ಕಣ್ಣು ಬಿಡುತ್ತಿದ್ದ ಕಾಲ ಅದು. ಕಲಿಸುವವರಿಲ್ಲ, ನಿಯಮವೂ ಅರ್ಧಂಬರ್ಧ. ವಿಲೋ ಮರದ ಕೊಂಬೆ ಬಾಗಿಸಿದರೆ ಕೋಲು. ಹಳೆಯ ಬೂಟಿನ ಹಿಮ್ಮಡಿ ಕೊಯ್ದರೆ ಆಡಲು ಬಿಲ್ಲೆ. ನನ್ನ ಬಳಗದವರು ಹಾಗೆ ಏಟು ತಿನ್ನುವುದನ್ನು ಕಂಡು ನಾನು ನಡುಗಿದ್ದೂ ಉಂಟು.

ಚೆಂಗಪ್ಪ ನನ್ನನ್ನು ಕಮ್ಮಾರ ನುರ್ಬುವಿನ ಕುಲುಮೆಗೆ ಒಯ್ದ. ಕೆಟ್ಟುಹೋದ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ, ಬಡಿದು, ಅಲಗು ಮಾಡಿ ನುರ್ಬು ನನ್ನ ಅಟ್ಟೆಗೆ ಜಡಿದ. ಮೊದಲ ದಿನ ಚೆಂಗಪ್ಪ ಕೆರೆಗಿಳಿದು ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಅಂಗಾತ ಬಿದ್ದ. ಯಾರೋ ಕಿಲಕಿಲನೆ ನಕ್ಕರು.

ನುರ್ಬುವಿನ ಮಗಳು ಯಾಂಗ್‌ಡೋಲ್. ದಿನವೂ ಸಂಜೆ ಕೆರೆಯ ಬಿರುಕುಗಳಿಗೆ ನೀರು ಹೊಯ್ದು ಮಂಜುಗಡ್ಡೆಯನ್ನು ನಯ ಮಾಡುವುದು ಅವಳ ಕೆಲಸ.

"ಆಚೋ-ಲೇ," ಎಂದಳು. ಅಣ್ಣನನ್ನು ಅಲ್ಲಿ ಹಾಗೆ ಕರೆಯುತ್ತಾರೆ. "ಇಲ್ಲೂ ಕವಾಯತು ಮಾಡ್ತೀರಾ? ಮೊಣಕಾಲು ಬಗ್ಗಿಸಿ."

"ನೀನೂ ಆಡ್ತೀಯಾ ತಂಗಿ?"

"ಆಡೋದು ಗಂಡಸರು. ನಾನು ನೀರು ಹಾಕೋಳು. ನಮ್ಮಣ್ಣ ಇಲ್ಲದಾಗ ಅವನ ಅಲಗು ಕಟ್ಕೊಂಡು ಕದ್ದು ಜಾರ್ತೀನಿ, ಅಷ್ಟೇ."

ಚೆಂಗಪ್ಪ ಅಲ್ಲೇ ಕೂತು ನನ್ನನ್ನು ಬಿಚ್ಚಿ ಅವಳ ಮುಂದಿಟ್ಟ. ಅವಳು ಎರಡೆರಡು ಉಣ್ಣೆಯ ಕಾಲುಚೀಲ ಹಾಕಿಕೊಂಡು ನನ್ನೊಳಗೆ ಇಳಿದಳು. ಆ ಕಾಲು ನೆಲವನ್ನು ಒದೆಯಲಿಲ್ಲ, ಮೆಲ್ಲಗೆ ತಳ್ಳಿತು. ಗಾಳಿ ನನ್ನ ಎರಡೂ ಬದಿಗೆ ಸೀಳಿಕೊಂಡು ಹೋಯಿತು. ಜಾರುವುದೆಂದರೇನೆಂದು ನನಗೆ ಅಂದು ತಿಳಿಯಿತು.

ಆ ಚಳಿಗಾಲವೆಲ್ಲ ಹಾಗೇ ಸಾಗಿತು. ಆಟ ಮುಗಿದು ಜನ ಚದುರಿದ ಮೇಲೆ ಅವಳು ನನ್ನನ್ನು ತೊಟ್ಟು ಗೋಲಿನ ಮುಂದೆ ನಿಲ್ಲುವಳು. ಅವನು ದಡದ ಅಂಚಿನಿಂದ ಬಿಲ್ಲೆ ಹೊಡೆಯುವನು. ಅವನಿಗೆ ಅಲಗಿನ ಮೇಲೆ ನಿಲ್ಲುವುದನ್ನು ಕಲಿಸಿದವಳು ಅವಳು, ಅವಳಿಗೆ ಹೊಡೆತ ಬರುವ ದಿಕ್ಕು ಗುರುತಿಸಲು ಕಲಿಸಿದವನು ಅವನು.

ಹಿಮ ಮೆತ್ತಗಾಗುವ ಮೊದಲು ಠಾಣ್ಯಕ್ಕೂ ಹಳ್ಳಿಗೂ ಪಂದ್ಯ ನಿಗದಿಯಾಯಿತು. ಕಣಿವೆಯ ಜನರೆಲ್ಲ ದಡದಲ್ಲಿ ನೆರೆದರು. ಹಳ್ಳಿಯ ಗೋಲ್‌ಕೀಪರ್ ಯಾಂಗ್‌ಡೋಲ್‌ಳ ಅಣ್ಣ. ಆಟ ಸಮಸಮ ನಡೆದಿದ್ದಾಗ ಅವನು ಬಿದ್ದ. ಮುಂಗೈ ಉಳುಕಿತು, ಅಲಗೂ ಮುರಿಯಿತು. ಆ ಜಾಗಕ್ಕೆ ಬರಲು ಯಾರೂ ಮುಂದಾಗಲಿಲ್ಲ. ಹಳ್ಳಿಯವರು ಕೋಲು ಕೆಳಗಿಟ್ಟರು.

"ನಾನು ನಿಲ್ತೀನಿ," ಎಂದಳು ಯಾಂಗ್‌ಡೋಲ್.

ದಡದ ಮೇಲೆ ಗುಸುಗುಸು ಎದ್ದಿತು. "ನುರ್ಬು, ಮಗಳನ್ನ ಮನೆಗೆ ಕರ್ಕೊಂಡು ಹೋಗಯ್ಯಾ," ಎಂದ ಒಬ್ಬ ಹಿರಿಯ.

ಚೆಂಗಪ್ಪ ಆಗಲೇ ಹಿಮದ ಮೇಲೆ ಕೂತು ನನ್ನ ದಾರ ಬಿಚ್ಚುತ್ತಿದ್ದ. ಅವನ ತಂಡದ ಸುಬೇದಾರ್ ಸಾಹೇಬರು ಕೆಂಡವಾದರು. "ಯಾವ ತಂಡದವನೋ ನೀನು?"

"ನಿಮ್ಮ ತಂಡದವನೇ ಸಾಹೇಬ್. ಖಾಲಿ ಗೋಲಿಗೆ ಹೊಡೆದು ಗೆದ್ದೆವು ಅಂತ ಊರಲ್ಲಿ ಹೇಗೆ ಹೇಳಲಿ?"

ಎಲ್ಲರೂ ನುರ್ಬುವಿನತ್ತ ತಿರುಗಿದರು. ಅವನು ಬಂದು ಮಂಡಿಯೂರಿ, ನನ್ನ ಅಲಗನ್ನು ತೋಳಿನಿಂದ ಒರೆಸಿ, ಮಗಳ ಕಾಲಿಗೆ ತಾನೇ ದಾರ ಬಿಗಿದ.

ಮೊದಲ ಹೊಡೆತವೇ ಅವಳ ಕಾಲುಗಳ ನಡುವೆ ನುಗ್ಗಿ ಗೋಲಾಯಿತು. ಜನ ನಕ್ಕರು. ಅವಳ ಹೆಬ್ಬೆರಳು ನನ್ನ ತುದಿಯನ್ನು ಒತ್ತಿ ಹಿಡಿದದ್ದು ನನಗೊಬ್ಬನಿಗೇ ಗೊತ್ತು.

"ತಂಗಿ!" ದಡದಿಂದ ಕಾಲುಚೀಲದಲ್ಲೇ ನಿಂತಿದ್ದ ಚೆಂಗಪ್ಪ ಕೂಗಿದ. "ಬಿಲ್ಲೆ ನೋಡು, ಜನರನ್ನಲ್ಲ!"

ಆಮೇಲೆ ಅವಳು ಒಂದನ್ನೂ ಬಿಡಲಿಲ್ಲ. ಕೊನೆಗೆ ಸುಬೇದಾರ್ ಸಾಹೇಬರು ಮೈಯೆಲ್ಲ ಬಲ ಹಾಕಿ ಹೊಡೆದರು. ಅವಳು ಎಡಗಾಲು ಚಾಚಿದಳು. ಬಿಲ್ಲೆ ನನ್ನ ಮೂತಿಗೆ ಅಪ್ಪಳಿಸಿ ಹೊಲಿಗೆ ಬಾಯಿಬಿಟ್ಟಿತು. ಆದರೆ ಗೋಲಿನ ಗೆರೆ ದಾಟಲಿಲ್ಲ.

ಮೊದಲು ಬಿಟ್ಟ ಆ ಒಂದೇ ಗೋಲಿನಿಂದ ಹಳ್ಳಿ ಸೋತಿತು. ಯಾಂಗ್‌ಡೋಲ್ ಮುಖ ಮುಚ್ಚಿಕೊಂಡು ಕೂತಳು. ನುರ್ಬು ಹತ್ತಿರ ಬಂದು ನನ್ನ ಹರಿದ ಮೂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ನಾಳೆ ಕುಲುಮೆಗೆ ತಾ. ಎಡಗಡೆದನ್ನ ಗಟ್ಟಿಯಾಗಿ ಹೊಲೀತೀನಿ. ಮುಂದಿನ ಚಳಿಗಾಲಕ್ಕೆ ಬೇಕಲ್ಲ."

ಅವಳು ತಲೆಯೆತ್ತಿ ಅಪ್ಪನನ್ನೇ ನೋಡಿದಳು. ಅತ್ತದ್ದು ಆಗ.

ಹಿಮ ಕರಗುವ ಹೊತ್ತಿಗೆ ಚೆಂಗಪ್ಪನಿಗೆ ವರ್ಗವಾಯಿತು. ಬೂಟು ಕೆರೆಪಾಲಾಯಿತೆಂದು ಉಗ್ರಾಣದವನಿಗೆ ಹೇಳಿ ನನ್ನನ್ನು ಯಾಂಗ್‌ಡೋಲ್‌ಗೆ ಕೊಟ್ಟ. "ಇಟ್ಕೋ ತಂಗಿ," ಎಂದಷ್ಟೇ ಹೇಳಿ ಲಾರಿ ಹತ್ತಿದ. ಮತ್ತೆ ಅವನು ಈ ಕಡೆ ಬರಲಿಲ್ಲ. ದಾರಿ ತೆರೆದು ಮೊದಲ ಲಾರಿ ಬಂದಾಗಲೆಲ್ಲ ಅವಳು ಹೊರಗೆ ಬಂದು ನಿಲ್ಲುತ್ತಿದ್ದಳು, ಎಷ್ಟೋ ವರ್ಷ.

ಯಾಂಗ್‌ಡೋಲ್ ಆಡಿದಳು, ಆಮೇಲೆ ಆಡಿಸಿದಳು. ಹಳ್ಳಿಯ ಹೆಣ್ಣುಮಕ್ಕಳು ಸರದಿಯಲ್ಲಿ ನನ್ನನ್ನು ತೊಟ್ಟು ಕಲಿತರು. ಕೊನೆಗೆ ಪೇಟೆಯಿಂದ ಹೊಸ ಸ್ಕೇಟುಗಳು ಬಂದವು. ನನಗೆ ಕೆರೆದಡದಲ್ಲಿ ಆಟಗಾರ್ತಿಯರು ಬಟ್ಟೆ ಬದಲಿಸುವ ಕೋಣೆಯ ಕಿಟಕಿಯಲ್ಲಿ ಜಾಗವಾಯಿತು. ತೊಗಲು ಬಿರಿದಿದೆ, ಅಲಗಿಗೆ ತುಕ್ಕು. ಬೇಸರವೇನಿಲ್ಲ, ಇಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ.

ಮೊನ್ನೆ ತಂಡಕ್ಕೆ ಹೊಸದಾಗಿ ಸೇರಿದ ಪುಟ್ಟ ಹುಡುಗಿಯೊಬ್ಬಳು ಬಿದ್ದು, ಇನ್ನು ಆಡುವುದಿಲ್ಲವೆಂದು ಅಳುತ್ತ ಒಳಗೆ ಬಂದಳು. ಕೂದಲು ನರೆತ ಯಾಂಗ್‌ಡೋಲ್ ಸಮಾಧಾನ ಹೇಳಲಿಲ್ಲ. ನನ್ನನ್ನು ಕೆಳಗಿಳಿಸಿ, ಆ ಮಗುವಿನ ಕೈಯನ್ನು ನನ್ನೊಳಗೆ ಇಳಿಸಿದಳು.

"ತುದೀಲಿ ಒಂದು ಕುಳಿ ಸಿಕ್ತಾ?"

"ಹೂಂ."

"ಅದು ನಮ್ಮ ಹೆಬ್ಬೆರಳಿಂದು. ಹೆದರಿಕೆ ಆದಾಗ ಎಲ್ಲರೂ ಅಲ್ಲೇ ಒತ್ತಿ ಹಿಡ್ಕೊಂಡಿದ್ದೀವಿ. ನಾನೂ."

ಹುಡುಗಿ ಆ ಕುಳಿಯಲ್ಲಿ ಬೆರಳಾಡಿಸಿದಳು. ಆಮೇಲೆ ಮೂಗು ಒರೆಸಿಕೊಂಡು, ತನ್ನ ಸ್ಕೇಟಿನ ದಾರ ಬಿಗಿದು ಹೊರಗೆ ಹೋದಳು. ಅವಳು ಮತ್ತೆ ಬಿದ್ದ ಸದ್ದು ಕಿಟಕಿಯಲ್ಲಿ ಕೇಳಿಸಿತು, ಬೆನ್ನಿಗೇ ಅವಳ ನಗುವೂ.