ಮೇಲ್ಮಣ್ಣು

ಜಯದೇವಿ ಗೊಬ್ಬರದ ಗುಡ್ಡೆಯಿಂದ ಪ್ಲಾಸ್ಟಿಕ್ ಕವರು, ಗಾಜಿನ ಚೂರು ಆರಿಸಿ ಪಕ್ಕಕ್ಕೆ ಹಾಕುತ್ತಿದ್ದಳು. ಗಂಡ ಕೆಂಪಯ್ಯನೂ ಎದುರಿಗೆ ಕೂತು ಆರಿಸುತ್ತಿದ್ದ.

ಕೆಂಗೇರಿಯಾಚೆಯ ಈ ಅರ್ಧ ಎಕರೆ ಮಧುಕುಮಾರನದು. ಅವನ ವಾಸ ಉಪನಗರದ ಮೂರಂತಸ್ತಿನ ಮನೆಯಲ್ಲಿ. ಇವರು ಅವನಿಗೆ ಬೆಳೆಯಲ್ಲಿ ಪಾಲು ಕೊಟ್ಟು ವಾರಕ್ಕೆ ಸೊಪ್ಪು ಬೆಳೆಯುವವರು. ಬಂದಾಗ ಇಲ್ಲಿದ್ದದ್ದು ಬರೀ ಯೂರಿಯಾ ತಿಂದು ಸತ್ತ ಮಣ್ಣು. ನಾಯಂಡಹಳ್ಳಿಯಲ್ಲಿ ಹಸು ಕಟ್ಟಿದವರ ಮನೆಗಳಿಂದ ಸಗಣಿ ತಂದು, ಕುರಿಮಂದೆ ನಿಲ್ಲಿಸಿ, ಇಬ್ಬರೂ ಅದಕ್ಕೆ ಜೀವ ಬರಿಸಿದ್ದರು. ಈಗ ಕಾಲಿಟ್ಟರೆ ಮೆತ್ತಗೆ ಹೂತುಕೊಳ್ಳುತ್ತಿತ್ತು.

ಮಣ್ಣು ಪರೀಕ್ಷೆಗೆ ಒಯ್ದಿದ್ದ ಕಂಪನಿಯ ಹುಡುಗಿ ಅಪೂರ್ವ ಆವತ್ತು ಮಧುಕುಮಾರನ ಕಾರಿನಲ್ಲೇ ಬಂದಳು.

"ಹದವಾಗಿ ಗೊಬ್ಬರ ಹಾಕಿದ್ರೆ ಗಾಳೀಲಿರೋ ಕಾರ್ಬನ್ನು ಮಣ್ಣಲ್ಲಿ ಉಳಿಯತ್ತೆ ಆಂಟಿ. ಅದಕ್ಕೆ ಹೊಗೆ ಬಿಡೋ ಫ್ಯಾಕ್ಟರಿಯೋರ ದುಡ್ಡು ನಮ್ಮ ಕಂಪನಿ ಮೂಲಕ ಜಮೀನಿನ ಓನರ್‌ಗೆ ಬರತ್ತೆ."

"ಗೊಬ್ಬರ ಹಾಕಿದ್ದು ನಾವಲ್ವೇನಮ್ಮ?"

"ಅದೇ ಪ್ರಾಬ್ಲಮ್ಮು. ಇಲ್ಲಿ ಕಾರ್ಬನ್ನು ಆಗ್ಲೇ ತುಂಬಿದೆ. ಇನ್ಮೇಲೆ ಕೂಡೋದಕ್ಕೆ ಮಾತ್ರ ನಾವು ದುಡ್ಡು ಕೊಡೋದು."

"ಅಂದ್ರೆ ಮಣ್ಣು ಕೆಟ್ಟಿರ್ಬೇಕಿತ್ತು ಅನ್ನಿ," ಎಂದು ಮಧುಕುಮಾರ ನಕ್ಕ. ಅಪೂರ್ವ ಮೊಬೈಲು ನೋಡಿಕೊಂಡಳು.

ಸೋಮವಾರ ಬೆಳಿಗ್ಗೆ ಜೆಸಿಬಿ ಬಂತು. ಕೊತ್ತಂಬರಿ, ದಂಟು ಎಲ್ಲ ಸೇರಿಸಿ ಮೇಲಿನ ಒಂದಡಿ ಮಣ್ಣನ್ನು ಒಂದು ಮೂಲೆಯಿಂದ ಕೆರೆಯುತ್ತ ಮೊದಲ ಟಿಪ್ಪರಿಗೆ ತುಂಬಿತು.

"ಮಧಣ್ಣ, ಏನಿದು?" ಕಾರಿಳಿದು ನಿಂತಿದ್ದ ಮಧುಕುಮಾರನ ಹತ್ತಿರ ಕೆಂಪಯ್ಯ ಓಡಿದ.

"ಮಹಾಲಕ್ಷ್ಮಿ ಲೇಔಟಲ್ಲಿ ಟೆರೇಸ್ ಗಾರ್ಡನ್ನಿಗೆ ಕೇಳವ್ರೆ ಕಣಯ್ಯ. ಒಳ್ಳೇ ರೇಟು."

"ನಾವೇನ್ ಬೆಳೆಯೋದು?"

"ಕೈಕಾಲು ಗಟ್ಟಿಯಾಗೈತಲ್ಲ, ಮತ್ತೆ ಸಗಣಿ ಹೊರಿ. ಬರೀ ಮಣ್ಣಿಗೆ ಹೊಸದಾಗಿ ಗೊಬ್ಬರ ಬಿದ್ರೇ ಕಂಪನಿಯೋರು ನಂಗೆ ದುಡ್ಡು ಕೊಡೋದು. ಇಷ್ಟ ಇಲ್ದಿದ್ರೆ ಬಿಡಿ, ಹೊರೋರು ಬೇಜಾನ್ ಸಿಗ್ತಾರೆ."

ಮಧುಕುಮಾರನ ಇಸ್ತ್ರಿ ಅಂಗಿಯಿಂದ ಸೆಂಟು ಗಮ್ಮೆನ್ನುತ್ತಿತ್ತು. ಇಷ್ಟು ವರ್ಷ ಸಗಣಿಗೆ ಹೇಸದ ಜಯದೇವಿ ಪಕ್ಕಕ್ಕೆ ತಿರುಗಿ ಉಗಿದಳು.

ಅಷ್ಟರಲ್ಲಿ ಅಪೂರ್ವ ಮತ್ತೆ ಬಂದಳು. ಕೆರೆದ ಕೆಂಪು ನೆಲ ನೋಡಿದಳು, ಟಿಪ್ಪರು ನೋಡಿದಳು. ಕೈಗೆ ಗ್ಲೌಸು ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತು, ಪರೀಕ್ಷೆಗೆ ಹೊಸದಾಗಿ ಮಣ್ಣು ತೆಗೆಯತೊಡಗಿದಳು.

ಟಿಪ್ಪರು ಹೊರಟಿತು. ಯಾರ ಮುಂದೆಯೂ ದನಿ ಎತ್ತದ ಜಯದೇವಿ ಹೋಗಿ ಅದಕ್ಕೆ ಅಡ್ಡ ನಿಂತಳು. ಡ್ರೈವರು ಹಾರನ್ನು ಒತ್ತಿದ. ಅವಳು ಅಲುಗಲಿಲ್ಲ. ಕೆಂಪಯ್ಯನೂ ಬಂದು ಪಕ್ಕದಲ್ಲಿ ನಿಂತ. ಡ್ರೈವರು ಮಧುಕುಮಾರನ ಕಡೆ ನೋಡಿದ. ಮಧುಕುಮಾರ ಅಪೂರ್ವಳ ಕಡೆ ನೋಡಿದ. ಅವಳು ತಲೆ ಬಗ್ಗಿಸಿ ಮಣ್ಣಿನ ಕವರಿಗೆ ಗಂಟು ಹಾಕುತ್ತಿದ್ದಳು.

"ಅಣ್ಣ," ಎಂದಳು ಜಯದೇವಿ ಡ್ರೈವರಿಗೆ, "ಆ ಮಣ್ಣನ್ನ ಇಲ್ಲೇ ಸುರಿದು ಹೋಗಿ."