ಕೆಂಪು ಪುಸ್ತಕ, ಹಸಿರು ಪುಸ್ತಕ

ನಮ್ಮ ಮ್ಯಾನೇಜರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇದೆ, ಯಾರೂ ಬಳಸುವುದಿಲ್ಲ. ಎಲ್ಲರ ಬಾಯಲ್ಲೂ ಅವರು ಡಿಕ್ಷನರಿ. ಮೇಜಿನ ಮೇಲೆ ದಿಂಬಿನಷ್ಟು ದಪ್ಪದ ಇಂಗ್ಲಿಷ್ ಪದಕೋಶ ಇಟ್ಟುಕೊಂಡೇ ಕೂರುವುದು. ರಜೆ ಕೇಳಲು ಹೋದರೆ ಮೊದಲು ಪಾಠ. "ಟಯರ್ಡ್ ಬೇರೆ, ಸಿಕ್ ಬೇರೆ ಕಣಮ್ಮಾ. ನೀನು ಬರೀ ಟಯರ್ಡ್. ಹೋಗಿ ನೀರು ಕುಡಿ." ಮೈ ಕೆಂಡವಾಗಿದ್ದವಳೂ ನೀರು ಕುಡಿದು ವಾಪಸ್ ಯಂತ್ರದ ಮುಂದೆ ನಿಲ್ಲಬೇಕು. ಒಮ್ಮೆ ನಾವೆಲ್ಲ ಸೇರಿ ಫ್ಯಾನ್ ಹಾಕಿಸಿ ಅಂತ ಅರ್ಜಿ ಕೊಟ್ಟೆವು. "ಇದು ರಿಕ್ವೆಸ್ಟ್ ಅಲ್ಲ, ಡಿಮ್ಯಾಂಡ್. ರಿಕ್ವೆಸ್ಟ್ ಥರ ಬರ್ಕೊಂಡು ಬನ್ನಿ" ಅಂದರು. ಬರೆದುಕೊಂಡು ಹೋದೆವು. "ರಿಕ್ವೆಸ್ಟ್ ಅಂದ್ಮೇಲೆ ಇಲ್ಲ ಅನ್ನಬಹುದು" ಅಂದವರೇ, ಇಲ್ಲ ಅಂದುಬಿಟ್ಟರು.

ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ನಾನು ಅಲ್ಲಿನ ಪ್ರಥಮ ಚಿಕಿತ್ಸೆ ಕೋಣೆಯವಳು. ಹತ್ತಿ, ಬ್ಯಾಂಡೇಜು, ಒಂದು ಮಂಚ, ಎರಡು ಪುಸ್ತಕ, ಇಷ್ಟು ನನ್ನ ರಾಜ್ಯ. ಕೆಂಪು ರಟ್ಟಿನದು ಆ್ಯಕ್ಸಿಡೆಂಟ್ ಪುಸ್ತಕ. ಅದರಲ್ಲಿ ಒಂದು ಸಾಲು ಬರೆದರೂ ನಕಲು ಅವತ್ತೇ ಸುರಕ್ಷತೆಯ ಇನ್ಸ್‌ಪೆಕ್ಟರ್ ಕಚೇರಿಗೆ ಹೋಗಬೇಕು, ಅವರು ಬಂದು ನೋಡುವ ತನಕ ಆ ಯಂತ್ರ ಮುಟ್ಟುವ ಹಾಗಿಲ್ಲ. ಹಸಿರು ರಟ್ಟಿನದು ಇನ್ಸಿಡೆಂಟ್ ಪುಸ್ತಕ. ಅದು ನನ್ನ ಕಪಾಟು ಬಿಟ್ಟು ಕದಲುವುದಿಲ್ಲ. ಯಾವುದನ್ನು ಯಾವುದರಲ್ಲಿ ಬರೆಯಬೇಕು ಅಂತ ಹೇಳುವವರು ಡಿಕ್ಷನರಿ. ಬಿಸಿ ಗೋಂದು ಚೆಲ್ಲಿ ಒಬ್ಬಳ ತೋಳು ಸುಟ್ಟದ್ದು ಇನ್ಸಿಡೆಂಟ್. ರಟ್ಟಿನ ರಾಶಿ ಕುಸಿದು ಲೋಡು ಹೊರುವವನ ಕಾಲು ಮುರಿದದ್ದೂ ಇನ್ಸಿಡೆಂಟ್. ಎರಡು ಹಸಿರು ಪುಸ್ತಕ ತುಂಬಿ ಮೂರನೆಯದು ನಡೆಯುತ್ತಿತ್ತು. ಕೆಂಪಿನದು ಇನ್ನೂ ಗರಿಗರಿ.

ಗೇಟಿನ ಪಕ್ಕದಲ್ಲಿ ಬೋರ್ಡು: 'ಅಪಘಾತವಿಲ್ಲದ ದಿನಗಳು 497'. ಐನೂರು ತುಂಬಿದ ದಿನ ಹೆಡ್ ಆಫೀಸಿನವರು ಬಂದು ಡಿಕ್ಷನರಿಗೆ ಬಡ್ತಿ ಕೊಡುತ್ತಾರಂತೆ. ಭಾಷಣ ಆಗಲೇ ಬರೆದಿಟ್ಟಿದ್ದರು.

ನಾಲ್ಕನೇ ಯಂತ್ರ ರಟ್ಟು ಕತ್ತರಿಸುವುದು. ಬ್ಲೇಡಿನ ಮುಂದೆ ಕೈ ಹೋಗದ ಹಾಗೆ ಒಂದು ಜಾಲರಿ. ಎರಡು ತಿಂಗಳ ಹಿಂದೆ ಅದು ಕಳಚಿಬಿದ್ದು, ಅಲ್ಲಿ ಕೂರುವ ದೊಡ್ಡಮ್ಮನ ಹೆಬ್ಬೆರಳಿನ ಉಗುರು ಕಿತ್ತುಹೋಯಿತು. ದೊಡ್ಡಮ್ಮ ನನಗೆ ನೆಂಟಳಲ್ಲ. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಿರಿಯಳು, ನನ್ನ ತಂಗಿಗೆ ಕೈ ಹಿಡಿದು ಕೆಲಸ ಕಲಿಸಿದವಳು, ಹಾಗಾಗಿ ಎಲ್ಲರಿಗೂ ದೊಡ್ಡಮ್ಮ. ಉಗುರನ್ನು ಹಸಿರಿನಲ್ಲಿ ಬರೆಸಿದರು, ಜಾಲರಿಯನ್ನು ತಂತಿಯಲ್ಲಿ ಕಟ್ಟಿಸಿದರು. ಅವಳು ಮೂರು ಸಲ ದೂರು ಕೊಟ್ಟಳು, ಮೂರೂ ಸಲ ಬರೆದುಕೊಟ್ಟವಳು ನಾನೇ. ಸಿಕ್ಕ ಉತ್ತರ: "ಬ್ರೋಕನ್ ಬೇರೆ, ಲೂಸ್ ಬೇರೆ."

ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ತಂತಿ ಕಿತ್ತುಬಂತು. ದೊಡ್ಡಮ್ಮನ ಬಲಗೈಯ ಎರಡು ಬೆರಳು ತುಂಡಾಗಿ ಹೋದವು. ಅಯ್ಯೋ, ಆ ರಕ್ತ! ಕಟ್ಟು ಕಟ್ಟಿ, ವ್ಯಾನಿನಲ್ಲಿ ಆಸ್ಪತ್ರೆಗೆ ಕಳಿಸಿ, ಕೈ ತೊಳೆದುಕೊಂಡು ಬಂದು ಕೆಂಪು ಪುಸ್ತಕ ತೆಗೆದೆ. ಅಷ್ಟರಲ್ಲಿ ಬಾಗಿಲಲ್ಲಿ ಡಿಕ್ಷನರಿ.

"ಅದ್ಯಾಕಮ್ಮ ಕೆಂಪು?"

"ಸಾರ್, ಎರಡು ಬೆರಳು ಹೋಗಿದೆ. ಇದು ಆ್ಯಕ್ಸಿಡೆಂಟ್ ಅಲ್ದೆ ಇನ್ನೇನು ಸಾರ್?"

ಕುರ್ಚಿ ಎಳೆದುಕೊಂಡು ಕೂತರು. "ನೋಡಮ್ಮ, ಆ್ಯಕ್ಸಿಡೆಂಟ್ ಅಂದ್ರೆ ಯಾರಿಗೂ ಮೊದಲೇ ಗೊತ್ತಿಲ್ಲದೆ ಆಗೋದು. ಆ ತಂತಿ ಒಂದಲ್ಲ ಒಂದು ದಿನ ಕಿತ್ತು ಬರುತ್ತೆ ಅಂತ ಆಕೆಯೇ ಮೂರು ಸಲ ಬರೆದುಕೊಟ್ಟಿದ್ದಾಳೆ. ನಾನೂ ಓದಿದ್ದೀನಿ. ಎಲ್ಲರಿಗೂ ಗೊತ್ತಿದ್ದದ್ದು ಆ್ಯಕ್ಸಿಡೆಂಟ್ ಹೇಗಾಗುತ್ತೆ? ಶುದ್ಧ ಇನ್ಸಿಡೆಂಟ್. ಹಸಿರು ತೆಗಿ."

ಪಿತ್ತ ನೆತ್ತಿಗೇರಿತು. ಆ ದಿಂಬಿನಂಥ ಪದಕೋಶವನ್ನೇ ತಂದು ತಲೆ ಮೇಲೆ ಕುಕ್ಕಬೇಕು ಅನ್ನಿಸಿತು. ಅವರು ಎದ್ದು ಹೊರಟವರು ತಿರುಗಿ, "ನಾಳೆ ಬೆಳಗ್ಗೆಯಿಂದ ನಾಲ್ಕನೇ ಯಂತ್ರಕ್ಕೆ ನಿನ್ನ ತಂಗಿ ಕೂರಲಿ. ಹುಡುಗಿ ಚುರುಕು. ತಂತಿ ಹೊಸದು ಕಟ್ಟಿಸ್ತೀನಿ" ಅಂದರು.

ನನ್ನ ತಂಗಿಗೆ ಹತ್ತೊಂಬತ್ತು. ಹತ್ತು ಬೆರಳೂ ಇವೆ.

ಕೂಗಾಡಿದರೆ ನನ್ನನ್ನೇ ಗೇಟಿನಾಚೆ ಹಾಕುತ್ತಾರೆ, ಅವಳನ್ನಂತೂ ಕೂರಿಸಿಯೇ ಕೂರಿಸುತ್ತಾರೆ. ನಾಲಿಗೆ ಕಚ್ಚಿಕೊಂಡು, ಇದ್ದಬದ್ದ ದಡ್ಡತನವನ್ನೆಲ್ಲ ಮುಖಕ್ಕೆ ತಂದುಕೊಂಡೆ. "ಸಾರ್, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರಿ. ನನ್ನ ಮಂಡೆಯಲ್ಲಿ ನಿಲ್ಲಲ್ಲ ಸಾರ್. ನಾನು ಬರೆದ್ರೆ ಏನೋ ಎಡವಟ್ಟಾಗುತ್ತೆ. ನೀವೇ ನಿಮ್ಮ ಅಕ್ಷರದಲ್ಲಿ ಬರೆದುಬಿಡಿ."

ಪಾಠ ಹೇಳಲು ಸಿಕ್ಕಿದರೆ ಊಟ ಬಿಡುವ ಮನುಷ್ಯ. ವಾಪಸ್ ಬಂದು ಕೂತರು. ಹಸಿರು ಪುಸ್ತಕದಲ್ಲಿ ಒಂದೂವರೆ ಪುಟ ಇಂಗ್ಲಿಷ್! ಜಾಲರಿ ಯಾವಾಗ ಕಳಚಿತು, ದೂರು ಯಾವ್ಯಾವ ತಾರೀಖು ಬಂತು, ತಾವು ಯಾವಾಗ ಓದಿದರು, ಆದ್ದರಿಂದ ಇದು ಹೇಗೆ ಆ್ಯಕ್ಸಿಡೆಂಟ್ ಅಲ್ಲ, ಒಂದೂ ಬಿಡಲಿಲ್ಲ. ಕೆಳಗೆ ಉದ್ದನೆಯ ಸಹಿ.

"ಈಗ ತಿಳೀತಾ?"

"ಚೆನ್ನಾಗಿ ತಿಳೀತು ಸಾರ್."

ಮಧ್ಯಾಹ್ನ ಊಟದ ಗಂಟೆ ಹೊಡೆದದ್ದೇ, ಪುಸ್ತಕ ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಬಸ್ ಸ್ಟಾಪು ನಡೆದು ಇನ್ಸ್‌ಪೆಕ್ಟರ್ ಕಚೇರಿ ಮುಟ್ಟಿದೆ. ಆ ಪುಟಗಳ ನಕಲು ತೆಗೆಸಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆ.

ಮರುದಿನ ಬೆಳಗ್ಗೆ ಬೋರ್ಡಿನ ಮೇಲೆ 498. ತಂಗಿ ನಾಲ್ಕನೇ ಯಂತ್ರದ ಮುಂದೆ ಕೂತಿದ್ದಳು. "ಅಕ್ಕಾ, ಭಯ ಆಗ್ತಿದೆ ಕಣೇ" ಅಂದಳು. ಸ್ವಿಚ್ ಹಾಕಬೇಡ, ಸುಮ್ಮನೆ ರಟ್ಟು ಜೋಡಿಸುತ್ತಿರು ಅಂದೆ. ಗೇಟಿನ ಕಡೆ ನೋಡಿ ನೋಡಿ ನನಗೆ ಕತ್ತು ನೋವು ಬಂತು. ಡಿಕ್ಷನರಿ ಎರಡು ಸಲ ಬಂದು ಗದರಿದರು. ಮೂರನೇ ಸಲ ಅವರೇ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ದನಿ, "ಕೈ ತೆಗೀರಿ" ಅಂದಿತು.

ಇನ್ಸ್‌ಪೆಕ್ಟರ್ ಮೇಡಂ ಕಾಗದ ಮುಂದೆ ಹಿಡಿದರು. "ಇದು ನಿಮ್ಮ ಅಕ್ಷರಾನಾ?"

"ಹೌದು ಮೇಡಂ, ಅಂದ್ರೆ..."

"ಗೊತ್ತಿತ್ತು ಅಂತ ಬರೆದಿದ್ದೀರಿ. ಗೊತ್ತಿದ್ದೂ ಕೂರಿಸಿದ್ರಿ."

ಡಿಕ್ಷನರಿ ಮುಖ ನೋಡಬೇಕಿತ್ತು. "ಇಲ್ಲ ಮೇಡಂ! ಆ್ಯಕ್ಸಿಡೆಂಟ್ ಮೇಡಂ! ದೇವರಾಣೆಗೂ ಆ್ಯಕ್ಸಿಡೆಂಟ್! ಅಮ್ಮಾ, ಆ ಕೆಂಪು ಪುಸ್ತಕ ತಾರಮ್ಮ ಬೇಗ!"

ನಾನು ಕೆಂಪನ್ನು ತಂದೆ. ಜೊತೆಗೆ ಮೂರು ಹಸಿರನ್ನೂ ತಂದು ಮೇಡಂ ಮುಂದಿಟ್ಟೆ. ಅವರು ಪುಟ ತಿರುವುತ್ತಾ ಹೋದರು. "ಇವೆಲ್ಲ ಯಾರ ಅಕ್ಷರ?"

"ನನ್ನದೇ ಮೇಡಂ" ಅಂದೆ.

ಯಂತ್ರಕ್ಕೆ ಸೀಲು ಬಿತ್ತು. ತಂಗಿ ಎದ್ದು ಬಂದು ನನ್ನ ತೋಳು ಹಿಡಿದು ನಿಂತಳು. ಮೂರು ಗಂಟೆಗೆ ಹೆಡ್ ಆಫೀಸಿನಿಂದ ಕಾಗದ ಬಂತು. ಡಿಕ್ಷನರಿ ಅದನ್ನು ಹಿಡಿದುಕೊಂಡು ನನ್ನ ಕೋಣೆಗೇ ಬಂದು ಮಂಚದ ಮೇಲೆ ಕುಸಿದರು. "ಸಸ್ಪೆಂಡ್ ಅಂತ ಹಾಕಿದ್ದಾರೆ ಕಣಮ್ಮ. ಕೈಕಾಲು ನಡುಗ್ತಿದೆ."

"ಸಸ್ಪೆಂಡ್ ಬೇರೆ, ಡಿಸ್ಮಿಸ್ ಬೇರೆ ಸಾರ್" ಅಂದೆ. "ಹೋಗಿ ನೀರು ಕುಡೀರಿ."

ಹೇಳಿ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ತಂಪು ಸಂಜೆಯ ತನಕವೂ ಉಳಿಯಲಿಲ್ಲ. ಹಸಿರಿನಲ್ಲಿ ಇರುವುದನ್ನೆಲ್ಲ ಕೆಂಪಿಗೆ ಇಳಿಸಬೇಕು ಅಂತ ಮೇಡಂ ಹೇಳಿಹೋಗಿದ್ದರು. ಸುಟ್ಟ ತೋಳು ಬರೆದೆ, ಮುರಿದ ಕಾಲು ಬರೆದೆ. ಬರೆಯುತ್ತಾ ಬರೆಯುತ್ತಾ ದೊಡ್ಡಮ್ಮನ ಉಗುರು ಬಂತು. ಎರಡು ತಿಂಗಳ ಹಿಂದಿನ ತಾರೀಖು, ನಾಲ್ಕನೇ ಯಂತ್ರ, ನನ್ನ ದುಂಡು ಅಕ್ಷರ. ಅವತ್ತು ತುಟಿ ಪಿಟಕ್ಕೆನ್ನದೆ ಹಸಿರು ತೆಗೆದವಳು ನಾನು. ತಂಗಿಯ ಹೆಸರು ಬರುವ ತನಕ ಕಾಲು ಎದ್ದಿರಲಿಲ್ಲ ನನಗೆ. ಅವತ್ತೇ ಎರಡು ಸ್ಟಾಪು ನಡೆದಿದ್ದರೆ ದೊಡ್ಡಮ್ಮನ ಬೆರಳು ದೊಡ್ಡಮ್ಮನ ಕೈಯಲ್ಲೇ ಇರುತ್ತಿದ್ದವು.