ಗೂಡಿನಲ್ಲಿದ್ದ ತಾಟು

ಆ ಬೆಳಿಗ್ಗೆ ಮಸ್ಕಿ ಗುಡ್ಡದ ಬಂಡೆಗಳ ಮೇಲೆ ತೆಳು ಮಂಜು ಕೂತಿತ್ತು. ಸಿಂಧನೂರಿನ ಬಸ್ಸಿಳಿದ ಶಿವಕುಮಾರಿ ಸೆರಗು ಹೊದ್ದು ಚನ್ನವೀರಯ್ಯ ಮಾಸ್ತರರ ಮನೆಗೆ ಬಂದಳು.

ಹುಡುಗಿಯಾಗಿದ್ದಾಗ ಮಠದ ಪಾಠಶಾಲೆಯಲ್ಲಿ ಅವಳು ಇವರ ಬಳಿ ಸಂಸ್ಕೃತ ಕಲಿತಿದ್ದಳು. ಅಲ್ಲೊಂದು ಪದ್ಧತಿಯಿತ್ತು. ಪಾಠ ಒಪ್ಪಿಸದವರ ಊಟದ ತಾಟನ್ನು ಮಾಸ್ತರರು ತೆಗೆದಿಡುವರು. ಒಪ್ಪಿಸುವ ತನಕ ಮುತ್ತುಗದ ಎಲೆಯಲ್ಲೇ ಪ್ರಸಾದ. ಬಿಸಿ ಅನ್ನ ಬಿದ್ದಾಗ ಆ ಎಲೆ ಬಿಡುತ್ತಿದ್ದ ವಾಸನೆ ಅವಳಿಗೆ ಇಂದಿಗೂ ನೆನಪಿದೆ. ಕ್ರಿಯಾಪದಕ್ಕೆ 'ಇಲ್ಲ' ಸೇರಿಸುವ ಪಾಠ ಒಪ್ಪಿಸಲಾಗದೆ ಅವಳ ತಾಟು ಗೋಡೆಯ ಗೂಡು ಸೇರಿತು. ಅಷ್ಟರಲ್ಲೇ ಅಪ್ಪನಿಗೆ ಲಿಂಗಸುಗೂರಿಗೆ ವರ್ಗವಾಯಿತು. ಅವಳ ಹೆಸರು ಕೊರೆಸಿ ಅವ್ವ ಕೊಟ್ಟಿದ್ದ ತಾಟು ಮಾಸ್ತರರ ಬಳಿಯೇ ಉಳಿಯಿತು. ಈ ವರ್ಷ ಅವ್ವ ಲಿಂಗೈಕ್ಯಳಾದಳು. ಅವಳ ಕೈಯಿಂದ ಬಂದದ್ದು ಅದೊಂದೇ ಉಳಿದಿರುವುದು.

ಮಾಸ್ತರರ ಸೊಸೆ ಭಾರತಿ ಚಾ ಕೊಟ್ಟಳು. "ಮಾವನೋರಿಗೆ ಈಗ ಯಾರ ಗುರ್ತೂ ಹತ್ತಂಗಿಲ್ರಿ ಅಕ್ಕಾರ. ನಂಗೂ 'ಯಾರವ್ವಾ ನೀ' ಅಂತಾರ."

"ನಂದೊಂದು ಹಿತ್ತಾಳಿ ತಾಟು ಇತ್ತಲ್ಲವಾ?"

"ಅದು ನಿಮ್ದ ಏನ್ರಿ? ಗೂಡಿನ್ಯಾಗ ಐತಿ. ತಿಕ್ಕಾಕೂ ಕೊಡಂಗಿಲ್ಲ, 'ಪಾಠ ಬಾಕಿ ಐತಿ' ಅಂತಾರ. ನೀವ ತಗೊಂಡು ಹೋಗ್ರಿ, ಅವರಿಗೇನ್ ತಿಳೀತೈತಿ?"

ಶಿವಕುಮಾರಿ ಕೈ ಚಾಚಲಿಲ್ಲ. ಒಪ್ಪಿಸದೆ ಒಯ್ದರೆ ಅದರಲ್ಲಿ ತುತ್ತು ಇಳಿಯಲಿಕ್ಕಿಲ್ಲ ಎನಿಸಿತು. ಮಾಸ್ತರರ ಮಂಚದ ಮುಂದೆ ಕಾಲು ಮಡಚಿ ಕೂತು ಕೈಮುಗಿದಳು.

"ಓದುತ್ತೀ ಎನ್ನಲು 'ಪಠಸಿ'. ಓದುವುದಿಲ್ಲ ಎನ್ನಲು 'ನ ಪಠಸಿ'. 'ನ' ಕ್ರಿಯಾಪದದಿಂದ ಬೇರೆಯೇ ನಿಲ್ಲುತ್ತದೆ. ಆದರೆ…"

ಮುಂದಿನದು ಬರಲಿಲ್ಲ. ಮಾಸ್ತರರು ಗೋಡೆ ನೋಡುತ್ತಿದ್ದರು.

"ಅಪಠಸಿ," ಎಂದರು ಅವರು, ಗೋಡೆ ನೋಡುತ್ತಲೇ. "ಓದವಲ್ಲಿ ನೀ, ದಡ್ಡಿ."

ಅದೇ ಬೈಗುಳ, ಅದೇ ದನಿ. ಶಿವಕುಮಾರಿಗೆ ಮರೆತದ್ದೆಲ್ಲ ಒಮ್ಮೆಲೇ ಬಂತು. "ಆದರೆ ಬೈಯುವಾಗ ಮಾತ್ರ ಕ್ರಿಯಾಪದಕ್ಕೆ 'ಅ' ಅಂಟಿಕೊಳ್ಳುತ್ತದೆ," ಎಂದು ಪಾಠ ಮುಗಿಸಿ ಕಣ್ಣೊರೆಸಿಕೊಂಡಳು.

"ಬೈದ್ರ ಅಳ್ತಾರೇನು?"

"ಇಲ್ರಿ ಮಾಸ್ತರ್ರ. ಬೈಸ್ಕೊಂಡು ಭಾಳ ವರ್ಷ ಆಗಿತ್ತು."

ಯಾರು, ಎಲ್ಲಿಯವಳು ಎಂದು ಅವರು ಕೇಳಲಿಲ್ಲ. ಗೋಡೆ ಹಿಡಿದು ಎದ್ದರು. ಗೂಡಿನಿಂದ ತಾಟು ತೆಗೆದು ಧೋತರದ ಅಂಚಿನಿಂದ ಒರೆಸಿದರು. ಕೊರೆದ ಹೆಸರಿನ ಮೇಲೆ ಒಮ್ಮೆ ಹೆಬ್ಬೆರಳಾಡಿಸಿ, ಅವಳ ಬೊಗಸೆಯಲ್ಲಿಟ್ಟರು.